ವಿಷಯ: ತುರ್ತು – ‘ಮೀಡಿಯಾಸ್ಟೈನಮ್’, ‘ಅಯೋರ್ಟಾ’ ಇವಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಅಪಘಾತದಲ್ಲಿ ಎದೆಗೆ ಪೆಟ್ಟಾದವರ ಮನೆಯವರಿಗೆ ಕೊಡುವ ಮಾಹಿತಿ ಹಾಳೆ, ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಸಿಕ್ಕಿಕೊಂಡಿರುವುದು ಇಲ್ಲಿ: ‘ಎಕ್ಸ್‌ರೇಯಲ್ಲಿ ಮೀಡಿಯಾಸ್ಟೈನಮ್ ಅಗಲವಾಗಿದೆ, ಅಯೋರ್ಟಾ ಹರಿದಿರಬಹುದು, ಸಿ.ಟಿ. ಆಂಜಿಯೋ ಮಾಡಬೇಕು.’ ಮೀಡಿಯಾಸ್ಟೈನಮ್ ಅಂದರೆ ಎರಡು ಶ್ವಾಸಕೋಶಗಳ ನಡುವಿನ ಜಾಗ, ಅಯೋರ್ಟಾ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಸಿ.ಟಿ. ಆಂಜಿಯೋ ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಮೀಡಿಯಾಸ್ಟೈನಮ್‌ನ ಅಗಲ 8 ಸೆಂ.ಮೀ. ದಾಟಿದರೆ ಅನುಮಾನವಂತೆ. ‘ಮಧ್ಯಸ್ಥಾನಿಕೆ’, ‘ಮಹಾಪಧಮನಿ’ ಎಂದು ಬರೆದೆ. ವಾರ್ಡಿನ ಸಿಸ್ಟರಿಗೇ ಅರ್ಥವಾಗಲಿಲ್ಲ.

---

> ‘ಮಹಾಪಧಮನಿ’

ಬೇಡ. ಅಪಧಮನಿ, ಅಭಿಧಮನಿ ಎರಡನ್ನೂ ಶಾಲೆಯಲ್ಲಿ ಉರು ಹೊಡೆದು ಮರೆತವರೇ ಎಲ್ಲ. ಧಮನಿಯ ಧಾತು ‘ಧ್ಮಾ’, ಅಂದರೆ ಊದು. ಚರಕಸಂಹಿತೆಯಲ್ಲೇ ಇದೆ, ‘ಧ್ಮಾನಾದ್ ಧಮನ್ಯಃ’. ಗ್ರೀಕರ ‘ಆರ್ಟೀರಿಯಾ’ ಕೂಡ ಮೊದಲು ಉಸಿರುಕೊಳವೆಯೇ. ಗಾಳಿಯ ಪದವನ್ನು ನೆತ್ತರಿಗೆ ಹೊರಿಸುವುದೇಕೆ? ಹೆಗ್ಗೆರೆ, ಹೆದ್ದಾರಿ ಇದ್ದಂತೆ ‘ಹೆಗ್ಗೊಳವೆ’ ಅನ್ನಿ. ಇನ್ನೊಂದಕ್ಕೆ ‘ನಡುವೆದೆ’, ನಡುಮನೆ ಇಲ್ಲವೇ? ‘ಎಕ್ಸ್‌ರೇ’ ಬದಲು ‘ಒಳಚಿತ್ರ’ ಸಾಕು.

---

> ‘ಹೆಗ್ಗೊಳವೆ’

ಊರ ನೀರಿನ ಪೈಪು ಅಂದುಕೊಳ್ಳುತ್ತಾರೆ. ‘ನಡುವೆದೆ’ ಅಂದರೆ ಎದೆಮೂಳೆ ಅಂದುಕೊಳ್ಳುತ್ತಾರೆ. ಎಕ್ಸ್‌ರೇಯನ್ನು ಮುಟ್ಟಬೇಡಿ: ಪಠ್ಯಪುಸ್ತಕ ‘ಕ್ಷ-ಕಿರಣ’ ಅಂತ ಎಷ್ಟೇ ಬರೆದರೂ ಹೊಲದಲ್ಲಿ ದುಡಿಯುವವರೂ ಎಕ್ಸ್‌ರೇ ಅಂತಲೇ ಹೇಳುವುದು. ಬಾಯಿಗೆ ಬಂದ ಮೇಲೆ ಅದು ಕನ್ನಡವೇ.

ನನ್ನ ಚಿಂತೆ ಕ್ರಿಯಾಪದದ್ದು. ‘ಹರಿದಿರಬಹುದು’ ಎಂಬುದನ್ನು ‘ರಕ್ತ ಹರಿದಿದೆ’ ಎಂದು ಓದಿಕೊಂಡಾರು. ‘ಒಡೆದಿದೆ’ ಅನ್ನುವಂತೆಯೂ ಇಲ್ಲ. ಪೂರ್ತಿ ಒಡೆದವರಲ್ಲಿ ಹೆಚ್ಚಿನವರು ಆಸ್ಪತ್ರೆಗೆ ಬರುವ ಮೊದಲೇ ತೀರಿಕೊಳ್ಳುತ್ತಾರೆ. ಜೀವಂತ ಬಂದವರಲ್ಲಿ ಸಾಮಾನ್ಯವಾಗಿ ಒಳಪದರ ಸೀಳಿದ್ದು, ಹೊರಪದರ ತಡೆದು ಹಿಡಿದಿರುತ್ತದೆ. ವೇಗದ ಗಾಡಿ ಗಕ್ಕನೆ ನಿಂತಾಗ, ಎಡಗೈಗೆ ಹೋಗುವ ಕವಲು ದಾಟಿದ ಕೂಡಲೇ ಆಗುವ ಸೀಳು ಅದು. ಹಾಗಾಗಿ ‘ಸೀಳಿರಬಹುದು’. ಆ ‘ಬಹುದು’ ಬಿಡಲೇಬೇಡಿ. ಎಕ್ಸ್‌ರೇ ಅನುಮಾನ ಹುಟ್ಟಿಸುತ್ತದೆ, ಅಷ್ಟೇ. ನೆರಳು ಸರಿಯಾಗಿ ಕಂಡರೂ ಒಳಗೆ ಸೀಳಿರುವುದುಂಟು; ಅದಕ್ಕೇ ಸಿ.ಟಿ.

---

> ಬಾಯಿಗೆ ಬಂದ ಮೇಲೆ ಅದು ಕನ್ನಡವೇ.

ಹೀಗೆ ಒಂದೊಂದೇ ಪದ ಬಿಟ್ಟುಕೊಟ್ಟು ಕೊನೆಗೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿಪ್ರತ್ಯಯ ಮಾತ್ರ. ಬೇರೆ ಎಳೆಯಲ್ಲಿ ಮಾತಾಡೋಣ.

---

ಇಬ್ಬರಿಗೂ ಧನ್ಯವಾದ. ಹೀಗೆ ಕಳಿಸುತ್ತಿದ್ದೇನೆ: ‘ಎಕ್ಸ್‌ರೇಯಲ್ಲಿ ಎರಡು ಶ್ವಾಸಕೋಶಗಳ ನಡುವಿನ ಜಾಗ ಅಗಲವಾಗಿ ಕಂಡಿದೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಒಳಗೆ ಸೀಳಿರಬಹುದು. ಖಚಿತಪಡಿಸಿಕೊಳ್ಳಲು ಈಗಲೇ ಸಿ.ಟಿ. ಸ್ಕ್ಯಾನ್ ಬೇಕು.’ ‘ನಾಳ’ಕ್ಕೂ ತಕರಾರಿದ್ದರೆ ಬೆಳಿಗ್ಗೆ ಹತ್ತರೊಳಗೆ ತಿಳಿಸಿ.