ಗುಜರಿ ಅಂಗಡಿಗೆ ಯಾವ ನಿಯಮ ಬಂದರೆ ಕೇಬಲ್ ಕಳ್ಳತನ ತಗ್ಗುತ್ತದೆ? ಅನುಭವ ಇರುವವರು ದಯವಿಟ್ಟು ತಿಳಿಸಿ

ಕೇಳಿದವರು: ರೈತರ ಸಂಘವೊಂದರ ಕಾರ್ಯದರ್ಶಿ, ಬಯಲುಸೀಮೆ

ಮಾನ್ಯರೇ, ನಮ್ಮ ಹೋಬಳಿಯಲ್ಲಿ ಎರಡು ತಿಂಗಳಿನಲ್ಲಿ ಹನ್ನೊಂದು ಕೊಳವೆಬಾವಿಗಳ ಕೇಬಲ್ ಕಳುವಾಗಿದೆ. ಸ್ಟಾರ್ಟರ್ ಪೆಟ್ಟಿಗೆಯಿಂದ ಕೇಸಿಂಗ್ ಪೈಪಿನವರೆಗಿನ ತುಂಡನ್ನು ರಾತ್ರೋರಾತ್ರಿ ಕತ್ತರಿಸಿ ಒಯ್ಯುತ್ತಾರೆ. ನನ್ನ ತೋಟದಲ್ಲಿ ಹೋದದ್ದು 4 ಚದರ ಮಿಲಿಮೀಟರಿನ, ಮೂರು ಎಳೆಯ 40 ಮೀಟರ್ ಕೇಬಲ್. ಲೆಕ್ಕ ಹಾಕಿದರೆ ಅದರೊಳಗಿನ ತಾಮ್ರ ನಾಲ್ಕೂಕಾಲು ಕೆ.ಜಿ. ಆಗುತ್ತದೆ, ಕದ್ದವನಿಗೆ ದಕ್ಕಿದ್ದು ಹೆಚ್ಚೆಂದರೆ ಎರಡೂವರೆ ಸಾವಿರ ರೂಪಾಯಿ ಇರಬಹುದು. ನನಗಾದರೋ ಹೊಸ ಕೇಬಲಿನ ಖರ್ಚು, ಕೇಸಿಂಗಿನೊಳಗೆ ಜಾರಿಹೋದ ತುದಿಗಾಗಿ ಮೋಟರನ್ನೇ ಮೇಲೆತ್ತಿಸಿದ ಕೂಲಿ, ಒಂಬತ್ತು ದಿನ ನೀರು ಕಾಣದೆ ಒಣಗಿದ ಅರ್ಧ ಎಕರೆ ಟೊಮೆಟೊ ಎಲ್ಲವೂ ತಲೆಯ ಮೇಲೆ ಬಿದ್ದವು.

ಮುಂದಿನ ವಾರ ತಾಲ್ಲೂಕು ಮಟ್ಟದ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ಗುಜರಿ ಅಂಗಡಿಗಳನ್ನೇ ಮುಚ್ಚಿಸಬೇಕೆಂದು ನಮ್ಮವರಲ್ಲಿ ಹಲವರು ಹೇಳುತ್ತಿದ್ದಾರೆ. ನನಗೆ ಅದು ಆಗುವ ಮಾತಾಗಿ ಕಾಣುವುದಿಲ್ಲ. ಆ ವ್ಯಾಪಾರವನ್ನು ಒಳಗಿನಿಂದ ಕಂಡವರು, ಇಂಥ ಪ್ರಕರಣಗಳನ್ನು ತನಿಖೆ ಮಾಡಿದವರು, ಬೇರೆ ಕಡೆಯ ಕಾನೂನಿನ ಅನುಭವವುಳ್ಳವರು ನಾವು ಏನನ್ನು ಕೇಳಬೇಕು, ಏನನ್ನು ಕೇಳಬಾರದು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಇಪ್ಪತ್ತೆರಡು ವರ್ಷಗಳಿಂದ ಗುಜರಿ ಅಂಗಡಿ ನಡೆಸುತ್ತಿರುವವರು

ಕಾರ್ಯದರ್ಶಿಗಳೇ, ನಮ್ಮ ವೃತ್ತಿಯವರನ್ನು ಬೈಯುವ ಮೊದಲು ಕೇಳಿದ್ದೀರಿ, ಅದಕ್ಕೆ ಮೊದಲು ವಂದನೆ. ಕದ್ದ ತಾಮ್ರ ನಮಗೆ ಗೊತ್ತಾಗುವುದಿಲ್ಲ ಎಂದರೆ ಅದು ಸುಳ್ಳು. ವೈರಿಂಗ್ ಕೆಲಸದವನು ತರುವ ಕೇಬಲ್ ಚೂರುಗಳು ಗಿಡ್ಡವಾಗಿರುತ್ತವೆ, ಬಣ್ಣ ಬಣ್ಣದವಾಗಿರುತ್ತವೆ, ಗೋಡೆಯ ಸುಣ್ಣವೋ ಸಿಮೆಂಟೋ ಅವಕ್ಕೆ ಅಂಟಿರುತ್ತದೆ. ಹೊಲದಿಂದ ಕದ್ದದ್ದು ಹೆಚ್ಚಾಗಿ ಸುಟ್ಟೇ ಬರುತ್ತದೆ. ಚೀಲದ ಬಾಯಿ ಬಿಚ್ಚಿದೊಡನೆ ಪ್ಲಾಸ್ಟಿಕ್ ಸುಟ್ಟ ಕಮಟು ಮೂಗಿಗೆ ಹೊಡೆಯುತ್ತದೆ, ತಂತಿ ಕಪ್ಪಿಟ್ಟಿರುತ್ತದೆ, ಮುಟ್ಟಿದರೆ ಬೆರಳಿಗೆ ಮಸಿ ಹತ್ತುತ್ತದೆ. ಸಿಪ್ಪೆ ಸುಲಿದ ಹೊಳಪಿನ ತಾಮ್ರಕ್ಕಿಂತ ಸುಟ್ಟ ತಾಮ್ರಕ್ಕೆ ಬೆಲೆ ಕಡಿಮೆಯೆಂದು ಈ ವ್ಯವಹಾರ ಬಲ್ಲ ಎಲ್ಲರಿಗೂ ಗೊತ್ತು. ಹಾಗಿದ್ದೂ ಸುಟ್ಟು ತರುವವನಿಗೆ ಬೆಲೆಗಿಂತ ಕುರುಹು ಅಳಿಸುವುದೇ ಮುಖ್ಯ ಎಂದರ್ಥ. ಅಂಥವನು ದೀಪ ಹಚ್ಚುವ ಹೊತ್ತಿನ ಮೇಲೆ ಬರುತ್ತಾನೆ, ತೂಕದ ಕಾಟಾದ ಕಡೆ ನೋಡುವುದಿಲ್ಲ, ಚೌಕಾಸಿ ಮಾಡುವುದಿಲ್ಲ, ಕೊಟ್ಟಷ್ಟು ನಗದು ಎಣಿಸದೆ ಜೇಬಿಗೆ ಹಾಕುತ್ತಾನೆ. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಅಂಥ ಮಾಲನ್ನು ಒಮ್ಮೆಯೂ ಕೊಂಡಿಲ್ಲ ಎಂದು ಪ್ರಮಾಣ ಮಾಡಿ ಹೇಳಲಾರೆ. ನಾನು ಬೇಡವೆಂದರೆ ಪಕ್ಕದ ರಸ್ತೆಯವನು ಕೊಳ್ಳುತ್ತಾನೆ ಎಂಬ ಸಮಾಧಾನವನ್ನು ಮೊದಲ ವರ್ಷಗಳಲ್ಲಿ ನಾನೂ ಹೇಳಿಕೊಂಡಿದ್ದೇನೆ.

ಇದಕ್ಕೆ ವಿರುದ್ಧವಾದ ಒಂದು ಸಂಗತಿಯನ್ನು ಗಮನಿಸಿ. ರೈಲ್ವೆ ಹಳಿಯ ತುಂಡನ್ನು, ಹಳಿಗೆ ಬಿಗಿಯುವ ಕ್ಲಿಪ್ಪನ್ನು ನಮ್ಮ ಊರಿನಲ್ಲಿ ಯಾವ ಗುಜರಿಯವನೂ ಕೈಯಲ್ಲಿ ಹಿಡಿಯುವುದಿಲ್ಲ. 1966ರ ಕಾಯ್ದೆಯ ಪ್ರಕಾರ ಕದ್ದದ್ದೆಂದು ಸಕಾರಣವಾಗಿ ಶಂಕಿಸಬಹುದಾದ ರೈಲ್ವೆ ಸ್ವತ್ತು ಒಬ್ಬನ ಬಳಿ ಸಿಕ್ಕರೆ, ಅದು ತನಗೆ ನ್ಯಾಯವಾಗಿಯೇ ಬಂದದ್ದೆಂದು ಅವನೇ ತೋರಿಸಿಕೊಡಬೇಕು. ತೋರಿಸದಿದ್ದರೆ ಐದು ವರ್ಷದವರೆಗೆ ಸೆರೆಮನೆ. ಅದಕ್ಕಿಂತ ಮಿಗಿಲಾಗಿ, ಹಳಿಯನ್ನು ನೋಡಿದ ಮಗುವೂ ಅದು ರೈಲಿನದೆಂದು ಹೇಳುತ್ತದೆ. ರೈತನ ತಾಮ್ರಕ್ಕೆ ಇವೆರಡೂ ಇಲ್ಲ. ಅದು ಯಾರದೆಂದು ಅದರ ಮೇಲೆ ಬರೆದಿಲ್ಲ, ನನ್ನನ್ನು ಕೇಳುವವರೂ ಇಲ್ಲ.

ಆದ್ದರಿಂದ ನೀವು ಕೇಳಬೇಕಾದದ್ದು ಇಷ್ಟು: ತಾಮ್ರ ಮತ್ತು ಅಲ್ಯೂಮಿನಿಯಂ ತಂತಿಯನ್ನು ತಂದವನ ಗುರುತಿನ ಚೀಟಿಯ ಪ್ರತಿ, ಮೊಬೈಲ್ ಸಂಖ್ಯೆ ಮತ್ತು ವಾಹನದ ಸಂಖ್ಯೆ ಪುಸ್ತಕದಲ್ಲಿ ದಾಖಲಾಗಲಿ, ಹಣವನ್ನು ಯುಪಿಐ ಅಥವಾ ಬ್ಯಾಂಕ್ ಮೂಲಕವೇ ಕೊಡುವಂತಾಗಲಿ. ಕದ್ದವನು ತನ್ನ ಖಾತೆಗೆ ಹಣ ಹಾಕಿಸಿಕೊಳ್ಳುವಷ್ಟು ದಡ್ಡನಲ್ಲ. ಈ ನಿಯಮ ಒಂದು ತಾಲ್ಲೂಕಿಗೆ ಮಾತ್ರ ಬಂದರೆ ಪ್ರಯೋಜನವಿಲ್ಲ. ಕದ್ದ ಮಾಲು ಸ್ಥಳೀಯ ಅಂಗಡಿಗೆ ಬರುವುದೇ ಕಡಿಮೆ, ಬೈಕಿನ ಮೇಲೆ ನಲವತ್ತು ಕಿಲೋಮೀಟರ್ ಆಚೆ ಹೋಗುತ್ತದೆ. ಹಾಗಾಗಿ ಇಡೀ ಜಿಲ್ಲೆಗೆ, ಸಾಧ್ಯವಾದರೆ ನೆರೆಯ ಜಿಲ್ಲೆಗೂ ಒಂದೇ ನಿಯಮ ಬೇಕು.

ನಮ್ಮ ಕಡೆಯ ಒಂದು ನೋವನ್ನೂ ಹೇಳಿಬಿಡುತ್ತೇನೆ. ಆರು ವರ್ಷದ ಹಿಂದೆ ಸಿಕ್ಕಿಬಿದ್ದ ಆರೋಪಿಯೊಬ್ಬನನ್ನು ನನ್ನ ಅಂಗಡಿಗೆ ಕರೆತಂದರು. ಅವನು ಬೆರಳು ತೋರಿಸಿದ ರಾಶಿಯನ್ನೆಲ್ಲ ಮಹಜರು ಬರೆದು ಒಯ್ದರು. ಅದರಲ್ಲಿ ಬಿಲ್ಲಿನ ಸಮೇತ ಕೊಂಡ ಹಳೆಯ ಮೋಟರಿನ ವೈಂಡಿಂಗ್ ತಂತಿಯೂ ಸೇರಿತ್ತು, ಇಂದಿಗೂ ಅದು ಹಿಂದಿರುಗಿಲ್ಲ. ಪುಸ್ತಕ ಸರಿಯಾಗಿ ಇಟ್ಟವನಿಗೂ ಇಡದವನಿಗೂ ಒಂದೇ ಗತಿಯಾದರೆ ಯಾರು ತಾನೇ ಬರೆಯುತ್ತಾರೆ?

ಉತ್ತರ: ನಿವೃತ್ತ ಪೊಲೀಸ್ ಸಹಾಯಕ ಸಬ್‌ ಇನ್‌ಸ್ಪೆಕ್ಟರ್

ಅಂಗಡಿಯ ಯಜಮಾನರು ಹೇಳಿದ ಕೊನೆಯ ಮಾತು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಇನ್ನೊಂದು ಮಗ್ಗುಲನ್ನು ಮಾತ್ರ ಸೇರಿಸುತ್ತೇನೆ.

ಕದ್ದ ಮಾಲನ್ನು ತಿಳಿದೂ ಕೊಂಡವನಿಗೆ ಶಿಕ್ಷೆ ವಿಧಿಸುವ ಕಾನೂನು ನಮ್ಮಲ್ಲಿ ಮೊದಲಿನಿಂದಲೂ ಇದೆ. ಹಿಂದೆ ಭಾರತೀಯ ದಂಡ ಸಂಹಿತೆಯ 411ನೇ ಕಲಂ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಬಂದಿದೆ. ಸಾಮಾನ್ಯವಾಗಿ ಮೂರು ವರ್ಷದವರೆಗೆ ಶಿಕ್ಷೆ, ಅದನ್ನೇ ಕಸುಬು ಮಾಡಿಕೊಂಡವನಿಗೆ ಹತ್ತು ವರ್ಷ ಅಥವಾ ಜೀವಾವಧಿಯವರೆಗೂ ವಿಧಿಸಬಹುದು. ವಿದ್ಯುತ್ ಕಂಪನಿಯ ತಂತಿಯಾದರೆ 2003ರ ವಿದ್ಯುತ್ ಕಾಯ್ದೆಯ 136ನೇ ಕಲಂ ಕದ್ದವನಿಗೆ, 137ನೇ ಕಲಂ ಕೊಂಡವನಿಗೆ. ಹೀಗೆ ಕಾನೂನಿನ ಕೊರತೆಯೇನೂ ಇಲ್ಲ. ನಾನು ಕಂಡ ಪ್ರಕರಣಗಳು ಬಿದ್ದುಹೋಗಿದ್ದು ನ್ಯಾಯಾಲಯದಲ್ಲಿ ಕೇಳಿದ ಒಂದೇ ಪ್ರಶ್ನೆಗೆ: "ಈ ತಾಮ್ರ ನಿಮ್ಮದೇ ಎಂದು ಹೇಗೆ ಹೇಳುತ್ತೀರಿ?" ಕಟಕಟೆಯಲ್ಲಿ ನಿಂತ ರೈತ ಮುಂದಿರುವ ಕಪ್ಪು ತಂತಿಯ ಸುರುಳಿಯನ್ನು ನೋಡುತ್ತಾನೆ, ಕೈಯಲ್ಲಿ ತಿರುಗಿಸುತ್ತಾನೆ, "ನಂದು ಇಂಥದ್ದೇ ಇತ್ತು ಸ್ವಾಮಿ" ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು.

ಆದ್ದರಿಂದ ಅಂಗಡಿಗೆ ನಿಯಮ ಕೇಳುವಾಗ ನಿಮ್ಮ ಸದಸ್ಯರಿಗೂ ಒಂದು ಕೆಲಸ ಕೊಡಿ. ಹಲವು ಕಂಪನಿಗಳ ಕೇಬಲಿನ ಹೊರಕವಚದ ಮೇಲೆ ಕಂಪನಿಯ ಹೆಸರು, ಅಳತೆ ಮತ್ತು ಪ್ರತಿ ಮೀಟರಿಗೊಂದು ಅಂಕಿ ಅಚ್ಚಾಗಿರುತ್ತದೆ. ಕೇಬಲ್ ಹಾಕಿಸಿದ ದಿನವೇ ಆ ಅಂಕಿ ಕಾಣುವಂತೆ ಮೊಬೈಲಿನಲ್ಲಿ ಚಿತ್ರ ತೆಗೆದು ಬಿಲ್ಲಿನ ಜೊತೆ ಇಟ್ಟುಕೊಳ್ಳಲಿ. ಸುಟ್ಟ ಮೇಲೆ ಈ ಗುರುತು ಉಳಿಯುವುದಿಲ್ಲ, ನಿಜ. ಅದಕ್ಕಾಗಿಯೇ ಸುಟ್ಟ ತಾಮ್ರದ ಖರೀದಿಯನ್ನು ಪೂರ್ತಿ ನಿಷೇಧಿಸಬೇಕೆಂದು ಸಭೆಯಲ್ಲಿ ಪಟ್ಟು ಹಿಡಿಯಿರಿ. ಸುಟ್ಟು ತರಲು ಪ್ರಾಮಾಣಿಕನಿಗೆ ಕಾರಣವೇ ಇಲ್ಲವೆಂದು ಯಜಮಾನರೇ ಹೇಳಿದ್ದಾರಲ್ಲ.

ಕಳುವಾದ ಬೆಳಿಗ್ಗೆಯೇ ದೂರು ಕೊಡಿ. ಮೂರು ದಿನ ಬಿಟ್ಟು ಬರುವ ಹೊತ್ತಿಗೆ ಮಾಲು ಮೂರು ಕೈ ದಾಟಿರುತ್ತದೆ.

ಉತ್ತರ: ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು

ಯಜಮಾನರು ಹೇಳಿದ ನಿಯಮವೇ ಇಲ್ಲಿ ಹತ್ತು ವರ್ಷಗಳಿಗೂ ಮೀರಿ ಜಾರಿಯಲ್ಲಿದೆ. ಇಲ್ಲಿ ಚರ್ಚುಗಳ ಚಾವಣಿಯ ಸೀಸದ ಹಾಳೆ, ರೈಲ್ವೆಯ ಸಿಗ್ನಲ್ ಕೇಬಲ್ ಕಳುವಾಗುತ್ತಿದ್ದವು. 2011ರ ಡಿಸೆಂಬರಿನಲ್ಲಿ ಲಂಡನ್ನಿನ ಡಲ್ವಿಚ್ ಉದ್ಯಾನದಿಂದ ಬಾರ್ಬರಾ ಹೆಪ್‌ವರ್ತ್ ಅವರ ದೊಡ್ಡ ಕಂಚಿನ ಶಿಲ್ಪವನ್ನೇ ಬುಡದಿಂದ ಕಿತ್ತೊಯ್ದರು. 1964ರ ಹಳೆಯ ಕಾಯ್ದೆಯಲ್ಲಿ ಗುಜರಿಯವನು ಪುರಸಭೆಯಲ್ಲಿ ಹೆಸರು ನೋಂದಾಯಿಸಿದರೆ ಸಾಕಿತ್ತು, ಬೇಡವೆನ್ನುವ ಅಧಿಕಾರ ಪುರಸಭೆಗಿರಲಿಲ್ಲ. 2012ರ ಡಿಸೆಂಬರ್ 3ರಿಂದ ನಗದು ಕೊಟ್ಟು ಗುಜರಿ ಲೋಹ ಕೊಳ್ಳುವುದು ಅಪರಾಧವಾಯಿತು. 2013ರ ಅಕ್ಟೋಬರಿನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಹೊಸ ಕಾಯ್ದೆ ಬಂತು: ಮೂರು ವರ್ಷದ ಪರವಾನಗಿ, ಅಂಗಡಿಗೆ ಒಂದು ಬಗೆ, ಮನೆ ಮನೆ ತಿರುಗಿ ಕೊಳ್ಳುವವನಿಗೆ ಇನ್ನೊಂದು ಬಗೆ, ಮಾರುವವನ ಹೆಸರು ವಿಳಾಸವನ್ನು ದಾಖಲೆ ನೋಡಿ ಖಚಿತಪಡಿಸಿಕೊಳ್ಳಬೇಕು, ಲೆಕ್ಕವನ್ನು ಮೂರು ವರ್ಷ ಕಾಪಾಡಬೇಕು, ಅರ್ಹನಲ್ಲದವನ ಪರವಾನಗಿಯನ್ನು ಪುರಸಭೆ ರದ್ದು ಮಾಡಬಹುದು. ಸ್ಕಾಟ್ಲೆಂಡಿನಲ್ಲಿ ನಗದು ನಿಷೇಧ ಬಂದದ್ದು 2016ರಲ್ಲಿ. ನಡುವಿನ ವರ್ಷಗಳಲ್ಲಿ ಅಲ್ಲಿ ನಗದು ವ್ಯವಹಾರಕ್ಕೆ ಅಡ್ಡಿಯಿರಲಿಲ್ಲ. ಒಂದೇ ತಾಲ್ಲೂಕಿನ ನಿಯಮದ ಬಗ್ಗೆ ಮೇಲೆ ಬಂದ ಮಾತಿಗೆ ಇದನ್ನೂ ಸೇರಿಸಿಕೊಳ್ಳಿ.

ಮನೆಯ ನೀರಿನ ಕೊಳವೆ ಬದಲಿಸಿದಾಗ ಉಳಿದ ಆರು ಕೆ.ಜಿ. ತಾಮ್ರವನ್ನು ನಾನೇ ಮಾರಲು ಹೋಗಿದ್ದೆ. ಕಿಟಕಿಯಲ್ಲಿ ಕುಳಿತಿದ್ದ ಹೆಣ್ಣುಮಗಳು ಚಾಲನಾ ಪರವಾನಗಿಯನ್ನು ಕೇಳಿ ಪಡೆದು ನಕಲು ತೆಗೆದುಕೊಂಡರು, ಬ್ಯಾಂಕ್ ಖಾತೆ ಬರೆದುಕೊಂಡರು, ಕಾರಿನ ಸಂಖ್ಯೆ ಕ್ಯಾಮೆರಾದಲ್ಲಿ ಆಗಲೇ ದಾಖಲಾಗಿತ್ತು. ಐದು ನಿಮಿಷದ ಕೆಲಸ, ಅವಮಾನವೇನೂ ಅನಿಸಲಿಲ್ಲ.

ಇದರಿಂದ ಕಳ್ಳತನ ಮಾಯವಾಯಿತೆಂದು ಮಾತ್ರ ತಿಳಿಯಬೇಡಿ. ಮುಂದಿನ ಮೂರು ವರ್ಷ ಪ್ರಕರಣಗಳು ಬಹಳ ಇಳಿದವು, ಆದರೆ ತಾಮ್ರದ ಬೆಲೆಯೂ ಅದೇ ವೇಳೆಗೆ ಕುಸಿದಿತ್ತು; 2011ರ ಆರಂಭದಲ್ಲಿ ಟನ್ನಿಗೆ ಹತ್ತು ಸಾವಿರ ಡಾಲರ್ ಮುಟ್ಟಿದ್ದು 2016ರ ಆರಂಭಕ್ಕೆ ಐದು ಸಾವಿರಕ್ಕಿಂತ ಕೆಳಗಿತ್ತು. ಬೆಲೆಬಾಳುವ ಲೋಹಗಳ ದರ ಏರಿದಾಗ, ಅಂಥ ಲೋಹಗಳಿರುವ, ಕಾರಿನ ಹೊಗೆಕೊಳವೆಯಲ್ಲಿ ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕದಿಯಲು ತೊಡಗಿದರು. ತಪಾಸಣೆ ಮಾಡುವವರಿಲ್ಲದ ಊರಿನಲ್ಲಿ ಪರವಾನಗಿ ಗೋಡೆಯ ಮೇಲಿನ ಕಾಗದವಷ್ಟೇ.

ಉತ್ತರ: ತೆರಿಗೆ ಸಲಹೆಗಾರರು

ಒಂದು ಸಣ್ಣ ಸೇರ್ಪಡೆ. 2024ರ ಅಕ್ಟೋಬರ್ 10ರಿಂದ, ನೋಂದಣಿ ಇಲ್ಲದವರಿಂದ ಲೋಹದ ಗುಜರಿ ಕೊಂಡ ನೋಂದಾಯಿತ ವ್ಯಾಪಾರಿಯೇ ಅದರ ಜಿಎಸ್‌ಟಿ ಕಟ್ಟಬೇಕು. ಅಂದರೆ ದೊಡ್ಡ ವ್ಯಾಪಾರಿ ತಾನು ಕೊಂಡದ್ದನ್ನು ಹೇಗೂ ಲೆಕ್ಕಕ್ಕೆ ತರಬೇಕಾಗಿದೆ. ತೂತು ಇರುವುದು ಅವನ ಕೆಳಗಿನ, ನೋಂದಣಿಯ ಮಿತಿಗೆ ಬಾರದ ಚಿಕ್ಕ ಅಂಗಡಿಯಲ್ಲಿ. ಅಲ್ಲಿ ಬಳಸಬಹುದಾದ ಹಿಡಿತವೆಂದರೆ ಸ್ಥಳೀಯ ಸಂಸ್ಥೆ ಕೊಡುವ ಉದ್ದಿಮೆ ಪರವಾನಗಿ. ಅದಕ್ಕೆ ಷರತ್ತುಗಳನ್ನು ಸೇರಿಸುವಂತೆ ಲಿಖಿತವಾಗಿ ಕೇಳಿ.

ಉತ್ತರ: ಚಿಂದಿ ಆಯುವವರ ನಡುವೆ ಕೆಲಸ ಮಾಡುವವರು, ಬೆಂಗಳೂರು

ಕಬ್ಬಿಣ, ತಗಡು, ಬಾಟಲಿ ಆಯ್ದು ದಿನಕ್ಕೆ ಮುನ್ನೂರು ರೂಪಾಯಿ ಕಾಣುವ ಹೆಣ್ಣುಮಗಳಿಗೆ ಯುಪಿಐ ಕಡ್ಡಾಯ ಮಾಡಬೇಡಿ. ಎಷ್ಟೋ ಮಂದಿಗೆ ಸ್ವಂತ ಫೋನೇ ಇಲ್ಲ. ನಗದು ನಿಂತರೆ ಖಾತೆ ಇರುವ ದಲ್ಲಾಳಿ ನಡುವೆ ಬಂದು ಅವರ ಕೂಲಿಯಲ್ಲಿ ಪಾಲು ಕೇಳುತ್ತಾನೆ. ನಿಮ್ಮ ಬೇಡಿಕೆ ತಂತಿಗೆ ಮಾತ್ರ ಸೀಮಿತವಾಗಿರಲಿ.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮುಚ್ಚಿಸುವ ಮಾತನ್ನು ನಮ್ಮ ಸಂಘದ ಮನವಿಯಿಂದ ಕೈಬಿಟ್ಟಿದ್ದೇವೆ. ತಂತಿಗೆ ಗುರುತಿನ ಚೀಟಿ ಮತ್ತು ಬ್ಯಾಂಕ್ ಪಾವತಿ, ಸುಟ್ಟ ತಾಮ್ರದ ನಿಷೇಧ, ಜಿಲ್ಲೆಗೆಲ್ಲ ಒಂದೇ ಷರತ್ತು, ಪುಸ್ತಕ ಸರಿಯಿದ್ದವನ ಬಿಲ್ಲಿನ ಮಾಲನ್ನು ಮುಟ್ಟಬಾರದೆಂಬ ಕೋರಿಕೆ, ಇವಿಷ್ಟನ್ನು ಬರೆದಿದ್ದೇವೆ. ಗುಜರಿ ಅಂಗಡಿಯ ಯಜಮಾನರಲ್ಲಿ ಒಂದೇ ಪ್ರಶ್ನೆ: ಕೊಂಡ ತಂತಿಯನ್ನು ಏಳು ದಿನ ಹಾಗೆಯೇ ಇಡಬೇಕು, ಕತ್ತರಿಸಬಾರದು ಎಂಬ ಷರತ್ತನ್ನೂ ಸೇರಿಸಿದರೆ ತಮ್ಮಂಥವರಿಗೆ ಭಾರವಾಗುತ್ತದೆಯೇ?

ಉತ್ತರ: ಗುಜರಿ ಅಂಗಡಿಯವರು

ಕಬ್ಬಿಣಕ್ಕಾದರೆ ಖಂಡಿತ ಆಗದು. ಏಳು ದಿನದ ಕಬ್ಬಿಣವನ್ನು ಇಡಲು ನನಗೆ ಇನ್ನೊಂದು ನಿವೇಶನ ಬೇಕು. ತಾಮ್ರದ ತಂತಿಯ ಮಾತು ಬೇರೆ, ವಾರಕ್ಕೆ ಬರುವುದೆಲ್ಲ ಎರಡು ಗೋಣಿಚೀಲಕ್ಕೆ ಮೀರುವುದಿಲ್ಲ. ಆದರೆ ತಾಮ್ರದ ಬೆಲೆ ದಿನದಿನಕ್ಕೆ ಏರಿಳಿಯುವುದರಿಂದ ಏಳು ದಿನ ಹಣ ಕಟ್ಟಿಹಾಕಿಕೊಂಡು ಕೂರಲು ಚಿಕ್ಕ ಅಂಗಡಿಯವನು ಒಪ್ಪಲಾರ. ಮೂರು ದಿನ ಎಂದು ಬರೆಯಿರಿ, ಅದರ ಜೊತೆಗೆ ಕಳುವಾದ ದಿನವೇ ಕೇಬಲಿನ ಅಳತೆ ಮತ್ತು ಅಂಕಿಯನ್ನು ನಮಗೆಲ್ಲ ತಿಳಿಸುವ ಒಂದು ವಾಟ್ಸಾಪ್ ಗುಂಪನ್ನು ಠಾಣೆಯವರೇ ನಡೆಸಲಿ ಎಂದೂ ಕೇಳಿ. ಆ ಗುಂಪಿನಲ್ಲಿ ನನ್ನ ಸಂಖ್ಯೆಯನ್ನು ಮೊದಲು ಹಾಕಿಸಿ.