ಲೂಪಸ್‌ನ 'ಫ್ಲೇರ್'ಗೆ ಕನ್ನಡದಲ್ಲಿ ಏನನ್ನೋಣ? ಉಲ್ಬಣವೋ, ಮರುಕಳಿಕೆಯೋ, ಕೆರಳುವುದೋ?

ಗೆಳೆಯರೇ, ಧಾರವಾಡದಿಂದ ನಮಸ್ಕಾರ.

ಒಂದು ಪದಕ್ಕಾಗಿ ಎರಡು ವಾರದಿಂದ ತಡಕಾಡುತ್ತಿದ್ದೇನೆ. ನನ್ನ ತಂಗಿಗೆ ಲೂಪಸ್ ಇದೆ. ಅವಳನ್ನು ಬ್ಯಾಡಗಿ ಹತ್ತಿರದ ಹಳ್ಳಿಗೆ ಕೊಟ್ಟಿದ್ದೇವೆ. ಅವಳ ಅತ್ತೆಗೆ ಓದಿ ಹೇಳಲಿಕ್ಕೆಂದು ಎರಡು ಪುಟ ಬರೆಯಲು ಕೂತೆ. ಮೊದಲ ಪುಟ ಸಲೀಸಾಗಿ ಬಂತು. 'ಫ್ಲೇರ್' (ತಣ್ಣಗಿದ್ದ ರೋಗ ಮತ್ತೆ ಜೋರಾಗುವುದು) ಬಂದಲ್ಲಿ ಪೆನ್ನು ನಿಂತಿತು.

ರೋಗದ ಬಗ್ಗೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೈಮೇಲೆ ತಿರುಗಿಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು, ಅದೂ ಜಾಸ್ತಿ 15ರಿಂದ 45ರ ವಯಸ್ಸಿನವರು. ಒಬ್ಬರಿಗೆ ಕೀಲು ಹಿಡಿದು ಬೆಳಿಗ್ಗೆ ಮುಷ್ಟಿ ಕಟ್ಟಲು ಬರುವುದಿಲ್ಲ. ಇನ್ನೊಬ್ಬರಿಗೆ ಬಿಡದ ಜ್ವರ. ಮತ್ತೊಬ್ಬರಿಗೆ ಕೂದಲು ಉದುರುತ್ತದೆ, ಬಾಯಲ್ಲಿ ಹುಣ್ಣಾಗುತ್ತದೆ. ಹಾಗಾಗಿ ರೋಗದ ಹೆಸರು ಗೊತ್ತಾಗಲಿಕ್ಕೇ ತಡವಾಗುತ್ತದೆ.

ತಂಗಿಗೆ ಶುರುವಾದದ್ದು ಮೆಣಸಿನಕಾಯಿ ಸುಗ್ಗಿಯಲ್ಲಿ. ಬಿಸಿಲಲ್ಲಿ ಕೂತು ತೊಟ್ಟು ಬಿಡಿಸುತ್ತಿದ್ದಳು. ಎರಡೂ ಕೆನ್ನೆ, ನಡುವೆ ಮೂಗಿನ ದಿಂಡು ಕೆಂಪಾಯಿತು. 'ಕಾಯಿ ಘಾಟು' ಅಂದರು ಅತ್ತೆ. (ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಪಾಪ, ಅದರ ಮೇಲೆ ಸುಮ್ನೆ ಅಪವಾದ.) ಓಣಿಯವರು 'ಬಂಗು' ಅಂದರು. ಆದರೆ ಬಂಗು ಕಂದು ಬಣ್ಣದ್ದು. ಇದು ಕೆಂಪು, ಬಿಸಿಲು ಬಿದ್ದರೆ ಉರಿ. ಮೂಗಿನ ಪಕ್ಕದಿಂದ ತುಟಿಯಂಚಿಗೆ ಇಳಿಯುವ ಗೆರೆ ಇದೆಯಲ್ಲ, ಅಲ್ಲಿ ಮಾತ್ರ ಕೆಂಪಿರಲಿಲ್ಲ. ಡಾಕ್ಟರು ಮೊದಲು ಬೆರಳಿಟ್ಟು ತೋರಿಸಿದ್ದೇ ಆ ಗೆರೆಯನ್ನು. ಈ ಕೆಂಪಿಗೆ ಎಲ್ಲರೂ 'ಚಿಟ್ಟೆ' ಅನ್ನುತ್ತಾರೆ. ನಾನು 'ಪಾತರಗಿತ್ತಿ' ಅಂತ ಬರೆದೆ. ಧಾರವಾಡದವರಿಗೆ ಕಾರಣ ಹೇಳಬೇಕಿಲ್ಲ, ಅಲ್ವಾ?

'ಆಯಾಸ' ಅಂತ ಬರೆದದ್ದನ್ನು ತಂಗಿಯೇ ಹೊಡೆದು ಹಾಕಿಸಿದಳು. "ಆಯಾಸ ಆದ್ರ ಮಲಗಿ ಎದ್ರ ಹೋಗ್ತೈತಿ ಅಕ್ಕಾ. ಇದು ಹಂಗಲ್ಲ, ಮೈಯಾಗ ಕಸುವೇ ಇರಂಗಿಲ್ಲ." ಸರಿ, 'ಕಸುವಿಲ್ಲ' ಅಂತಲೇ ಇಟ್ಟೆ.

ಇನ್ನು ಫ್ಲೇರ್. ಪತ್ರಿಕೆಗಳ ಆರೋಗ್ಯದ ಪುಟದಲ್ಲಿ 'ಉಲ್ಬಣ' ಅಂತ ಬರೆಯುತ್ತಾರೆ. ಉಲ್ಬಣ ಅಂದರೆ ರೋಗ ಏರುತ್ತಲೇ ಹೋಯಿತು, ಇನ್ನು ಕೈಮೀರಿತು ಅಂತ ಕೇಳುವವರು ಹೆದರುತ್ತಾರೆ. ಲೂಪಸ್ ಒಂದೇ ಸಮ ಏರುವುದಿಲ್ಲ. ಕೆಲವು ವಾರ ಜೋರು, ಆಮೇಲೆ ತಿಂಗಳುಗಟ್ಟಲೆ ತಣ್ಣಗೆ. ಬಿಸಿಲೋ, ಸೋಂಕೋ, ಮಾತ್ರೆ ಬಿಟ್ಟದ್ದೋ, ಏನೋ ಒಂದು ನೆಪ ಸಿಕ್ಕರೆ ಮತ್ತೆ ಶುರು. ಕೆಲವೊಮ್ಮೆ ನೆಪವೂ ಬೇಕಿಲ್ಲ. ಹಾಗಾದರೆ 'ಮರುಕಳಿಕೆ'? ಅದು ಹೋದದ್ದು ತಿರುಗಿ ಬಂದಾಗ ಹೇಳುವ ಮಾತು. ಇದು ಹೋಗಿರುವುದೇ ಇಲ್ಲವಲ್ಲ.

ಪದಕ್ಕಾಗಿ ಇಷ್ಟು ಜಗ್ಗಾಟ ಯಾಕೆ ಅನ್ನಬೇಡಿ. ಹೋದ ವರ್ಷ ಒಂದು ದವಾಖಾನೆಯಲ್ಲಿ 'ಈಗ ಗುಣ ಆಗೈತಿ' ಅಂದುಬಿಟ್ಟರು. ಅವರ ಮನಸ್ಸಿನಲ್ಲಿದ್ದದ್ದು 'ರೆಮಿಷನ್', ಅಂದರೆ ರೋಗ ಒಳಗಿದ್ದೂ ತಣ್ಣಗಿರುವುದು. ಮನೆಯವರಿಗೆ ಗುಣ ಅಂದರೆ ಗುಣ. ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ನಿಂತಿತು. ಮೂರನೇ ತಿಂಗಳಿಗೆ ಕಾಲು ಬಾತುಕೊಂಡವು, ಮೂತ್ರದಲ್ಲಿ ನೊರೆ. ಕಿಡ್ನಿಗೆ ತಾಗಿತ್ತು. ಕಿಡ್ನಿಗೆ ತಾಗಿದಾಗ ಸಾಮಾನ್ಯವಾಗಿ ನೋವಿರುವುದಿಲ್ಲ. ಆಗಾಗ ಮೂತ್ರ ಪರೀಕ್ಷೆ ಮಾಡಿಸಿದರಷ್ಟೇ ಮೊದಲೇ ತಿಳಿಯುವುದು.

ಆಗ ಅತ್ತೆ ಫೋನಿನಲ್ಲಿ ಹೇಳಿದ್ದು: "ಬ್ಯಾನಿ ಮತ್ತ ಕೆರಳೈತಿ ನೋಡವಾ." ನಾವು ಹುಣ್ಣು ಕೆರಳಿತು ಅನ್ನುತ್ತೇವೆ, ಹೋರಿ ಕೆರಳಿತು ಅನ್ನುತ್ತೇವೆ. ಇದ್ದದ್ದೇ ಎದ್ದು ನಿಂತಿತು ಅನ್ನುವುದು ಅದರಲ್ಲಿದೆ, ತಣ್ಣಗಾದೀತು ಅನ್ನುವುದೂ ಇದೆ. ಈಗ ಮಾತ್ರೆ ಮತ್ತೆ ಹತ್ತಿದ ಮೇಲೆ ಅವರು ಹೇಳುವುದು 'ಅಡಗೈತಿ'. ಇದಂತೂ ನನಗೆ ಬಹಳ ಹಿಡಿಸಿತು. ಸಿಟ್ಟು ಅಡಗುತ್ತದೆ, ಕಳ್ಳನೂ ಅಡಗುತ್ತಾನೆ. ರೆಮಿಷನ್‌ಗೆ ಎರಡೂ ಅರ್ಥ ಬೇಕು.

ಹೆಸರಿನದೂ ಒಂದು ಕತೆ. ಲೂಪಸ್ ಅಂದರೆ ಲ್ಯಾಟಿನ್‌ನಲ್ಲಿ ತೋಳ. ಕಚ್ಚಿ ತಿಂದ ಹಾಗೆ ಕಾಣುವ ಮುಖದ ಹುಣ್ಣುಗಳಿಗೆ ಯುರೋಪಿನಲ್ಲಿ ಹಾಗೆ ಕರೆಯುತ್ತಿದ್ದರು. ಚರ್ಮದ ಒಂದು ಬಗೆಯ ಕ್ಷಯಕ್ಕೂ ಲೂಪಸ್ ವಲ್ಗ್ಯಾರಿಸ್ ಎಂದೇ ಹೆಸರು, ಅದು ಬೇರೆ ರೋಗ. ನಮ್ಮದು ಬರೀ ಚರ್ಮದ್ದಲ್ಲ, ಒಳಗಿನ ಅಂಗಗಳಿಗೂ ತಾಗುತ್ತದೆ ಎಂದು ವಿಯೆನ್ನಾದ ಚರ್ಮವೈದ್ಯ ಕಪೋಸಿ 1872ರಲ್ಲಿ ಬರೆದ. ನಮ್ಮಲ್ಲೂ ನಾಯಿಕೆಮ್ಮು, ಸರ್ಪಸುತ್ತು, ಆನೆಕಾಲು, ಮಂಗನಬಾವು ಇವೆಯಲ್ಲ ಅಂತ ನಾನು 'ತೋಳರೋಗ' ಅಂದು ನೋಡಿದೆ. ಅತ್ತೆ ಗಾಬರಿಯಾಗಿ "ತ್ವಾಳ ಯಾವಾಗ ಕಡೀತು?" ಅಂದರು. ಲೂಪಸ್ಸೇ ಇರಲಿ.

ಈಗ ನನ್ನ ತೊಡಕು ನಾಮಪದದ್ದು. 'ಕೆರಳಿಕೆ' ಅಂದರೆ ಯಾರೋ ಭಾಷಣ ಮಾಡಿ ಜನರನ್ನು ಎಬ್ಬಿಸಿದ ಹಾಗೆ ಕೇಳಿಸುತ್ತದೆ. 'ಅಡಗುವಿಕೆ' ನಾಲಿಗೆಗೆ ಭಾರ. ಬರೀ 'ಅಡಗು' ಅಂದರೆ ಹಳಗನ್ನಡದಲ್ಲಿ ಮಾಂಸ (ತೋಳಕ್ಕೆ ಸರಿಹೋಯಿತು ಅಂತ ತಮಾಷೆ ಮಾಡಬೇಡಿ). ಗದಗ, ಹಾವೇರಿ ಕಡೆಯವರು ಎದ್ದು ಅಡಗುವ ಬ್ಯಾನಿಗೆ, ಕೀಲುಬ್ಯಾನಿಗೋ ದಮ್ಮಿಗೋ, ಮನೆಯಲ್ಲಿ ಏನನ್ನುತ್ತೀರಿ? ಕರಾವಳಿ, ಮೈಸೂರಿನ ಕಡೆಯ ಮಾತಾದರೂ ಸರಿ. ಅಮಾವಾಸ್ಯೆಗೆ ಬ್ಯಾಡಗಿಗೆ ಹೋಗುವವಳಿದ್ದೇನೆ, ಅಷ್ಟರಲ್ಲಿ ಎರಡನೇ ಪುಟ ಮುಗಿಯಬೇಕು.