ಓದುಗರ ಸ್ಪಂದನ: ‘ಮಗನ ಜೊತೆ ಡಾಕ್ಟರು ಗುಟ್ಟಾಗಿ ಮಾತಾಡಿದ್ದೇನು?’

ತೀರ್ಥಹಳ್ಳಿ ಕಡೆಯ ತಾಯಿಯೊಬ್ಬರ ಪತ್ರ ಕಳೆದ ಸಂಚಿಕೆಯಲ್ಲಿ ಬಂದಿತ್ತು. ಪಿಯುಸಿ ಓದುವ ಮಗನನ್ನು ಜ್ವರಕ್ಕೆಂದು ಕರೆದೊಯ್ದಾಗ, ಇಪ್ಪತ್ತು ವರ್ಷದಿಂದ ಮನೆಮಂದಿಯನ್ನೆಲ್ಲ ನೋಡುತ್ತಿರುವ ಡಾಕ್ಟರು ಇವರನ್ನು ಹೊರಗೆ ಕೂರಿಸಿ, ಹುಡುಗನ ಜೊತೆ ಹತ್ತು ನಿಮಿಷ ಕುಡಿತದ ಬಗ್ಗೆ ಮಾತಾಡಿದರು. ಏನು ಮಾತು ಎಂದು ಕೇಳಿದರೆ ಹೇಳಲಿಲ್ಲ. ‘ಹೆತ್ತವಳಿಗೆ ಹೇಳಬಾರದ್ದು ಏನಿರುತ್ತೆ? ಇಲ್ಲದ ಚಟ ಹತ್ತಿಸಿದ ಹಾಗಾಗಲ್ವಾ?’ ಎಂಬುದು ಅವರ ಪ್ರಶ್ನೆ. ಗಂಡ ದಿನಾ ಸಂಜೆ ‘ಒಂದೆರಡು’ ಹಾಕುವುದನ್ನೂ ಅವರು ಮುಚ್ಚಿಟ್ಟಿರಲಿಲ್ಲ. ಅದನ್ನೇ ಹಿಡಿದುಕೊಂಡವರು ಹಲವರು.

*

ಮೊದಲು ಯಜಮಾನರ ಗ್ಲಾಸು ಎತ್ತಿಡಿ. ಡಾಕ್ಟರ ಗುಟ್ಟು ಆಮೇಲೆ ಕೇಳುವಿರಂತೆ.
– ಓದುಗ, ಭದ್ರಾವತಿ

(ಎತ್ತಿಡುವ ಕೆಲಸವೂ ಆಕೆಯದೇ ಏಕಾಗಬೇಕೋ! – ಸಂ.)

*

ನಿಮ್ಮ ಪತ್ರ ಓದಿ ಎರಡು ದಿನ ನನಗೆ ಕೆಲಸಕ್ಕೆ ಕೈ ಓಡಲಿಲ್ಲ ಅಕ್ಕ. ನನ್ನ ತಮ್ಮನಿಗೂ ಆಗ ಹದಿನೇಳು. ಕೊನೆಕೊಯ್ಲಿನ ಸಮಯ, ರಾತ್ರಿ ಹನ್ನೊಂದರವರೆಗೆ ಅಂಗಳದಲ್ಲಿ ಅಡಿಕೆ ಸುಲಿತ. ಚಳಿಗೆ ಬೆಚ್ಚಗಾಗುತ್ತೆ ಅಂತ ಶುರುಮಾಡಿದ. (ಬೆಚ್ಚಗಾಗೋದು ಚರ್ಮ ಮಾತ್ರ, ಮೈಯೊಳಗಿನ ಶಾಖ ಸೋರಿಹೋಗುತ್ತೆ ಅಂತ ನನಗೆ ತಿಳಿದದ್ದು ಈಚೆಗೆ.) ಹೊಟ್ಟೆನೋವು ಅಂದಾಗ ಅಪ್ಪ ಡಾಕ್ಟರ ಹತ್ತಿರ ಕರೆದೊಯ್ದರು. ಒಳ್ಳೆಯವರೇ ಅವರು, ಮಳೆಗಾಲದಲ್ಲಿ ಹಳ್ಳ ದಾಟಿ ಬಂದು ಅಜ್ಜಿಗೆ ಇಂಜೆಕ್ಷನ್ ಕೊಟ್ಟವರು. ಆದರೆ ಅವತ್ತು ಅಪ್ಪನ ಎದುರಿಗೇ ‘ಏನೋ, ಕುಡೀತೀಯೇನೋ?’ ಅಂದುಬಿಟ್ಟರು. ತಮ್ಮ ಇಲ್ಲ ಅಂದ. ಡಾಕ್ಟರು ಅಪ್ಪನ ಮುಖ ನೋಡಿ ನಕ್ಕರು, ಅಷ್ಟೇ. ಮನೆಗೆ ಬಂದಮೇಲೆ ಕೊಟ್ಟಿಗೆಯ ಹಗ್ಗದಲ್ಲಿ ಏಟು ಬಿತ್ತು.

ಅವನು ಮತ್ತೆ ಆ ಡಾಕ್ಟರ ಶಾಪಿನ ಮೆಟ್ಟಿಲು ಹತ್ತಲಿಲ್ಲ. ಕೈ ನಡುಗುವಾಗಲೂ, ಕಾಲು ಊದಿದಾಗಲೂ. ಮೂವತ್ತೊಂದಕ್ಕೆ ಕಣ್ಣು ಅರಿಶಿನವಾಯಿತು. ಕಾಮಾಲೆ ಅಂತ ನಾಟಿ ಔಷಧ ಕುಡಿಸುತ್ತ ಕೂತೆವು. ಲಿವರ್ ಆಗಲೇ ಹೋಗಿತ್ತು. ಅಪ್ಪ ಅವತ್ತು ಹತ್ತು ನಿಮಿಷ ಬಾಗಿಲ ಹೊರಗೆ ಕೂತಿದ್ದರೆ ಅವನು ಬದುಕುತ್ತಿದ್ದನೋ ಏನೋ ಗೊತ್ತಿಲ್ಲ. ಕೂರಬೇಕಿತ್ತು. ನೀವು ಕೂತಿದ್ದೀರಿ, ಹಾಗೇ ಇರಿ.
– ಓದುಗಿ, ಸಾಗರ

*

(ಕೇಳಿದ ಪ್ರಶ್ನೆ ಇದಲ್ಲವಾದರೂ ತಿಳಿದಿರುವುದು ಒಳ್ಳೆಯದು. – ಸಂ.)

ಡಾಕ್ಟರನ್ನು ಬಿಡಿ, ಹುಡುಗರ ಕೈಗೆ ಕೊಡುವವನನ್ನು ಹಿಡಿಯಿರಿ. 2015ರ ಬಾಲ ನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 18 ತುಂಬದವರಿಗೆ ಮದ್ಯ ಕೊಟ್ಟರೆ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಅಂಗಡಿಯವನಿಗಷ್ಟೇ ಅಲ್ಲ, ‘ಒಂದು ಗುಟುಕು ನೋಡೋ’ ಎನ್ನುವ ಚಿಕ್ಕಪ್ಪನಿಗೂ. 2007ರಲ್ಲಿ ಸಾರಾಯಿ ನಿಂತಿತೆಂದು ಹಿಗ್ಗಿದೆವು. ಈಗ ಜ್ಯೂಸಿನಂಥ 90 ಮಿಲಿ ಪ್ಯಾಕೆಟ್ಟು ಅಂಗಿ ಜೇಬಲ್ಲೇ ಕೂರುತ್ತದೆ.
– ನಿವೃತ್ತ ವಕೀಲ, ಶಿವಮೊಗ್ಗ

*

ಆ ಹತ್ತು ನಿಮಿಷದಲ್ಲಿ ನಾನಾದರೆ ಏನು ಹೇಳುತ್ತೇನೆಂದು ಬರೆಯುತ್ತೇನೆ. ‘ಬಿಯರ್ ತಾನೇ ಸಾರ್’ ಅನ್ನುತ್ತಾರೆ ಹುಡುಗರು. ಶೇಕಡಾ 8ರ ಸ್ಟ್ರಾಂಗ್ ಬಿಯರ್, 650 ಮಿಲಿಯ ಒಂದು ಬಾಟಲಿಯಲ್ಲಿ, 30 ಮಿಲಿಯ ನಾಲ್ಕು ಪೆಗ್ ವಿಸ್ಕಿಯಷ್ಟು ಆಲ್ಕೋಹಾಲ್ ಇದೆ. ಲಿವರ್ ಗಂಟೆಗೆ ಕರಗಿಸುವುದು ಹೆಚ್ಚುಕಮ್ಮಿ ಒಂದು ಪೆಗ್ಗು. ಮಜ್ಜಿಗೆ, ಲಿಂಬೆಹಣ್ಣು, ತಣ್ಣೀರ ಸ್ನಾನ ಯಾವುದೂ ಅದನ್ನು ಬೇಗ ಮಾಡಿಸವು. ಗೆಳೆಯ ಪ್ರಜ್ಞೆ ತಪ್ಪಿದರೆ ಅಂಗಾತ ಮಲಗಿಸಬೇಡ, ವಾಂತಿ ಶ್ವಾಸಕೋಶಕ್ಕೆ ಇಳಿದು ಸಾಯುತ್ತಾನೆ. ಮಗ್ಗುಲಿಗೆ ಹೊರಳಿಸಿ 108ಕ್ಕೆ ಫೋನ್ ಮಾಡು, ಬೈಗುಳಕ್ಕೆ ಹೆದರಿ ಬಿಟ್ಟು ಓಡಬೇಡ. ಇದರಲ್ಲಿ ಚಟ ಕಲಿಸುವಂಥದ್ದು ಏನಿದೆ ತಾಯಿ? ಜೀವಕ್ಕೆ ಅಪಾಯವೆಂದು ಕಂಡರೆ ಮನೆಯವರಿಗೆ ಹೇಳಿಯೇ ಹೇಳುತ್ತೇನೆ, ಹಾಗಂತ ಹುಡುಗನಿಗೂ ಮೊದಲೇ ತಿಳಿಸಿರುತ್ತೇನೆ. ಒಂದು ತಪ್ಪೊಪ್ಪಿಗೆ: ಹೊರಗೆ ನಲವತ್ತು ಜನ ಕೂತಿದ್ದ ದಿನ ಇದ್ಯಾವುದನ್ನೂ ಹೇಳದೆ ಮಾತ್ರೆ ಬರೆದು ಕಳಿಸಿದ್ದೇನೆ.
– ವೈದ್ಯ, ಕೊಪ್ಪ

*

(ಮಕ್ಕಳ ಕಡೆಯಿಂದ ಬಂದದ್ದು ಇದೊಂದೇ. – ಸಂ.)

ಎಲ್ಲರೂ ಡಾಕ್ಟರ್ ಹತ್ರ ಮನಸ್ಸು ಬಿಚ್ಚಿ ಮಾತಾಡು ಅಂತೀರ. ನಮ್ಮ ಡಾಕ್ಟರು ಭಾನುವಾರ ನಮ್ಮ ಮನೆ ಜಗಲಿ ಮೇಲೆ ಅಪ್ಪನ ಜೊತೆ ಇಸ್ಪೀಟ್ ಆಡ್ತಾರೆ. ನಾನು ಯಾರ ಹತ್ರ ಹೋಗ್ಲಿ?
– ಹದಿನಾರರ ಹುಡುಗ, ಹೊಸನಗರ ತಾಲ್ಲೂಕು

(ಈ ಹುಡುಗನಿಗೆ: 14416, ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ಬೇಡ, ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು. ಇಸ್ಪೀಟಾಡುವ ವೈದ್ಯರು ಇದನ್ನು ಓದಿದರೆ, ನೀವೂ ಬರೆಯಿರಿ. – ಸಂ.)